ಪ್ರೇಕ್ಷಕರ ಮೊಬೈಲ್‌ನಿಂದಲೇ ಜೀರುಂಡೆ ಸದ್ದು ಬರಿಸಬಹುದಾ?

ಕೋಟೆಹುಡುಗ:
ನಮಸ್ಕಾರ. ನಮ್ಮದು ಚಿತ್ರದುರ್ಗದ ಸಣ್ಣ ಹವ್ಯಾಸಿ ತಂಡ. ತರಾಸು ರಂಗಮಂದಿರದಲ್ಲಿ ಓಬವ್ವನ ನಾಟಕ ಆಡುವ ಯೋಚನೆ ಇದೆ. ಹೈದರಾಲಿ ಕಡೆಯವರು ಕಿಂಡಿ ಹುಡುಕುವ ಒಂದು ರಾತ್ರಿ ದೃಶ್ಯ ಬರೆದುಕೊಂಡಿದ್ದೇವೆ. ಅದರಲ್ಲಿ ಜೀರುಂಡೆ ಸದ್ದು ದೊಡ್ಡ ಸ್ಪೀಕರ್‌ನಿಂದ ಬರದೆ ಜನರ ಮಧ್ಯದಿಂದಲೇ, ಅವರವರ ಕೈಯಲ್ಲಿರುವ ಫೋನಿಂದಲೇ ಬರಬೇಕು ಅನ್ನೋದು ನನ್ನ ಹುಚ್ಚು. ಕೊನೆಗೆ ಎಲ್ಲ ಫೋನೂ ಸೇರಿ ಒಂದು ಲಾವಣಿ ಧಾಟಿ ನುಡಿಸಿದರೆ ಇನ್ನೂ ಚೆನ್ನ. 300 ಜನ ಅಂತ ಇಟ್ಟುಕೊಳ್ಳಿ. ಆ್ಯಪ್ ಹಾಕಿಕೊಳ್ಳಿ ಅಂದರೆ ಯಾರೂ ಕೇಳುವುದಿಲ್ಲ. ಯಾರಾದರೂ ಮಾಡಿ ನೋಡಿದ್ದೀರಾ?

ಮೈಕ್‌ಸೆಟ್ ಮಂಜ:
ಲಾವಣಿ ಬಿಡು ಗುರು. ದಾವಣಗೆರೆಯಲ್ಲಿ ಒಂದು ಕಾರ್ಯಕ್ರಮಕ್ಕೆ 60 ಹುಡುಗರ ಕೈಲಿ ಒಂದೇ ಟ್ಯೂನ್ ಒಟ್ಟಿಗೆ ಒತ್ತಿಸಿದ್ದೆ. ಸಂತೆ ಆಯಿತು. ಒಂದೊಂದು ಫೋನ್ ಒಂದೊಂದು ಹೊತ್ತಿಗೆ ಶುರು. ಎಲ್ಲ ಸರಿ ಮಾಡಿದರೂ ಸದ್ದು ಓಡುವುದು ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ. 20 ಮೀಟರ್ ಆಚೆ ಇರುವ ಫೋನಿನ ತಾಳ ನಿನ್ನ ಕಿವಿಗೆ ಹತ್ತಿರ ಹತ್ತಿರ 60 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ತಾಳ ಒಡೆಯೋಕೆ ಅಷ್ಟು ಸಾಕು. ಜೀರುಂಡೆ, ಮಳೆಹನಿ, ಗುಸುಗುಸು, ಇವಕ್ಕೆ ಹೊಂದಾಣಿಕೆ ಇಲ್ಲದಿರುವುದೇ ಚೆಂದ. ನಗಾರಿ, ಗುಡುಗು ಮಾತ್ರ ಹಾಲ್ ಸ್ಪೀಕರ್‌ಗೇ ಬಿಡು, ಆ ಗಾತ್ರದ ಫೋನಿನಿಂದ ದಪ್ಪ ಸದ್ದು ಬರುವುದಿಲ್ಲ.

ಕೋಡುಬಳೆ:
ಆ್ಯಪ್ ಬೇಡ, ಒಂದು ವೆಬ್ ಪುಟ ಸಾಕು. ಬಾಗಿಲಲ್ಲಿ ಕ್ಯೂಆರ್ ಕೋಡ್ ಅಂಟಿಸದೆ ಸೀಟಿನ ಸಾಲಿಗೊಂದರಂತೆ ಬೇರೆ ಬೇರೆ ಅಂಟಿಸಿ. ಆಗ ಯಾವ ಫೋನ್ ಯಾವ ಸಾಲಲ್ಲಿದೆ ಅಂತ ಗೊತ್ತಿರುತ್ತದೆ, ಸದ್ದನ್ನು ಹಿಂದಿನಿಂದ ಮುಂದಕ್ಕೆ ಹರಿಸಬಹುದು. ಇದು ಹೊಸದೇನಲ್ಲ. 2001ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ, ಆರ್ಸ್ ಎಲೆಕ್ಟ್ರಾನಿಕಾ ಅನ್ನುವ ಕಲೆ-ತಂತ್ರಜ್ಞಾನದ ಉತ್ಸವದಲ್ಲಿ ಕಲಾವಿದ ಗೋಲನ್ ಲೆವಿನ್ ತಂಡ ಜನರ ನಂಬರ್ ಬರೆಸಿಕೊಂಡು, ಹೊಸ ರಿಂಗ್‌ಟೋನ್ ಹಾಕಿ, ಸೀಟು ಗೊತ್ತು ಮಾಡಿ ಕೂರಿಸಿ, ವೇದಿಕೆಯಿಂದ ಕರೆ ಮಾಡಿ ಮಾಡಿಯೇ ಇಡೀ ಸಂಗೀತ ಕಛೇರಿ ನಡೆಸಿತ್ತು.

ಸದ್ದಿನ ಫೈಲುಗಳನ್ನು ಪುಟ ತೆರೆದ ಕೂಡಲೇ ಇಳಿಸಿಕೊಳ್ಳುವಂತೆ ಮಾಡಿ. ಆಮೇಲೆ ಕಳಿಸಬೇಕಾದ್ದು 'ಶುರು', 'ನಿಲ್ಲು' ಅನ್ನುವ ಪುಟ್ಟ ಸಂದೇಶ ಮಾತ್ರ. ಬ್ರೌಸರ್‌ಗಳು ತಾವಾಗಿ ಸದ್ದು ಮಾಡಲು ಬಿಡುವುದಿಲ್ಲ, ಅದಕ್ಕೇ ಮೊದಲೊಮ್ಮೆ ಎಲ್ಲರೂ ಪರದೆ ಮುಟ್ಟಲೇಬೇಕು. ಸ್ಕ್ರೀನ್ ಆರಿದರೂ ಕೆಲಸ ಕೆಡುತ್ತದೆ. ಐಫೋನ್ ಸೈಲೆಂಟ್‌ನಲ್ಲಿದ್ದರೆ ಎಷ್ಟೋ ಸಲ ಸದ್ದೇ ಬರುವುದಿಲ್ಲ. ಒಬ್ಬರು ವೇದಿಕೆ ಮೇಲೆ ನಿಂತು ಇದೆಲ್ಲ ಹೇಳಿಕೊಡಬೇಕು, ಅದನ್ನೂ ತಮಾಷೆಯ ಒಂದು ಪ್ರಸಂಗ ಮಾಡಿಬಿಡಿ.

ರಂಗದ ಅಕ್ಕ:
ತಮ್ಮಾ, 300 ಫೋನ್ ಯಾಕೆ? ಸಾಲಿಗೆ ಮೂರು ನಾಲ್ಕು ಸಾಕು. ನಿಮ್ಮ ಹುಡುಗರನ್ನೇ ಅಲ್ಲಲ್ಲಿ ಕೂರಿಸಿ. ಪರದೆಯ ಬೆಳಕು ಎಲ್ಲರ ಮುಖಕ್ಕೆ ಹೊಡೆದರೆ ನಿಮ್ಮ ಕತ್ತಲೆ ದೃಶ್ಯ ಹೋಯಿತು ಅಂತ ತಿಳ್ಕೋ, ಪುಟ ಪೂರ್ತಿ ಕಪ್ಪಾಗಿರಲಿ. ಇನ್ನೊಂದು ಮಾತು. ಜೀರುಂಡೆ ಕೂಗುವುದಕ್ಕಿಂತ ಅದು ನಿಲ್ಲುವುದು ಜಾಸ್ತಿ ಭಯ ಹುಟ್ಟಿಸುತ್ತದೆ. ಹೊಲದಲ್ಲಿ ರಾತ್ರಿ ಯಾರಾದರೂ ಹತ್ತಿರ ಬಂದರೆ ಅವು ತಟ್ಟನೆ ಸುಮ್ಮನಾಗುತ್ತವೆ ಅಲ್ವಾ? ಶತ್ರು ನುಸುಳುವಾಗ ಹಿಂದಿನ ಸಾಲಿನಿಂದ ಒಂದೊಂದೇ ನಿಲ್ಲಲಿ. ಅಲ್ಲೊಂದು ಇಲ್ಲೊಂದು ಒಂದು ಸೆಕೆಂಡ್ ತಡವಾದರೂ ನಿಜದ ಜೀರುಂಡೆಯ ಹಾಗೇ ಇರುತ್ತದೆ.

ಕೋಟೆಹುಡುಗ:
ಅಕ್ಕಾ, ನೀವು ಹೇಳಿದ್ದೇ ಸರಿ. ಮಂಜಣ್ಣ ಹೇಳಿದ ಹಾಗೆ ಲಾವಣಿಯನ್ನೂ ಕೈಬಿಟ್ಟೆವು. ನಿನ್ನೆ ಮನೆಯ ಮಹಡಿ ಮೇಲೆ ಏಳು ಫೋನ್ ಇಟ್ಟು ನೋಡಿದೆವು. ಸದ್ದು ನಿಲ್ಲುತ್ತಾ ಬಂದಾಗ ನನಗೇ ಮೈ ಜುಂ ಅಂತು. ಆದರೆ ಆರನೆಯದು ನಿಲ್ಲುವ ಹೊತ್ತಿಗೆ ಗೆಳೆಯನ ಫೋನಿಗೆ ಅವರಮ್ಮನ ಕರೆ ಬಂತು. ಇದಕ್ಕೇನು ಮಾಡೋದು?

ಕೋಡುಬಳೆ:
ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿಸಿ. ಮನೆಯ ರೂಟರ್ ತರಬೇಡಿ, ಜಾಸ್ತಿ ಫೋನ್ ತಾಳುವಂಥದ್ದನ್ನು ಬಾಡಿಗೆಗೆ ತನ್ನಿ. ವಾಟ್ಸಾಪ್ ಕರೆ ಅದರಲ್ಲೂ ಬರಬಹುದು, ಅದಕ್ಕೆ ರೂಟರ್‌ಗೆ ಇಂಟರ್‌ನೆಟ್ ಕೊಡಲೇಬೇಡಿ. ಪುಟ ನಿಮ್ಮ ಲ್ಯಾಪ್‌ಟಾಪ್‌ನಿಂದಲೇ ಎಲ್ಲ ಫೋನಿಗೂ ಹೋಗಲಿ.