ಹಳೆಯ ಇಮೇಲ್ ಅಳಿಸಿದರೆ ಪರಿಸರಕ್ಕೆ ಎಷ್ಟು ಉಪಕಾರ?

ಪ್ರಶ್ನೆ
ಎರಡು ವರ್ಷಕ್ಕಿಂತ ಹಳೆಯದಾದ ಇಮೇಲ್‌ಗಳನ್ನೆಲ್ಲ ಅಳಿಸಬೇಕು, ಅದರಿಂದ ವಿದ್ಯುತ್ ಉಳಿದು ಪರಿಸರ ರಕ್ಷಣೆಯಾಗುತ್ತದೆ ಎಂದು ನಮ್ಮ ಕಚೇರಿಯಲ್ಲಿ ಸುತ್ತೋಲೆ ಹೊರಡಿಸಿದ್ದಾರೆ. ಅದೇ ವಾರ, ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಲ್ಯಾಪ್‌ಟಾಪ್‌ಗಳನ್ನು ಹಿಂಪಡೆದು ಎಲ್ಲರಿಗೂ ಹೊಸದನ್ನು ಹಂಚಿದ್ದಾರೆ. ಇಮೇಲ್ ಬಂದು ಕಾಗದದ ಬಳಕೆ ನಿಂತರೆ ಮರಗಳು ಉಳಿಯುತ್ತವೆ ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಇಮೇಲ್ ಅಳಿಸುವುದರಿಂದ ನಿಜವಾಗಿಯೂ ಪ್ರಯೋಜನವಿದೆಯೇ? ತಿಳಿದವರು ದಯವಿಟ್ಟು ವಿವರಿಸಿ.

ಪ್ರತಿಕ್ರಿಯೆ 1
ಪ್ರಯೋಜನ ಬಹಳ ಕಡಿಮೆ. ಬರಿಯ ಅಕ್ಷರಗಳಿರುವ ಇಮೇಲ್ ಹಿಡಿಯುವುದು ಕೆಲವೇ ಕಿಲೋಬೈಟ್ ಜಾಗವನ್ನು. ಇಮೇಲ್‌ಗಳನ್ನು ಕೂಡಿಟ್ಟಿರುವ ಸರ್ವರ್ ಎಂಬ ಕಂಪ್ಯೂಟರಿನ ಡಿಸ್ಕ್ ತುಂಬಿದ್ದರೂ ಅರ್ಧ ಖಾಲಿಯಿದ್ದರೂ ಅದು ಬಳಸುವ ವಿದ್ಯುತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಒಂದೊಂದನ್ನೇ ಹುಡುಕಿ ಅಳಿಸುತ್ತಾ ಪರದೆಯ ಮುಂದೆ ಕೂರುವುದಕ್ಕೇ ಹೆಚ್ಚು ವಿದ್ಯುತ್ ಬೇಕಾದರೂ ಆಶ್ಚರ್ಯವಿಲ್ಲ.

ನೀವು ಯೋಚಿಸಬೇಕಾದದ್ದು ಆ ಲ್ಯಾಪ್‌ಟಾಪ್‌ಗಳ ಬಗ್ಗೆ. ಮೊಬೈಲ್, ಲ್ಯಾಪ್‌ಟಾಪ್‌ಗಳಂಥ ಸಾಧನಗಳಿಂದಾಗುವ ಇಂಗಾಲದ ಹೊರಸೂಸುವಿಕೆಯಲ್ಲಿ ದೊಡ್ಡ ಪಾಲು, ಅದಿರು ಅಗೆಯುವ, ಲೋಹ ಶುದ್ಧೀಕರಿಸುವ, ಚಿಪ್ ತಯಾರಿಸುವ ಹಂತಗಳಲ್ಲಿ, ಅಂದರೆ ಅವು ನಮ್ಮ ಕೈಸೇರುವ ಮೊದಲೇ ಆಗಿಹೋಗಿರುತ್ತದೆ. ಇನ್ನು ಕೊನೆಯ ಹಂತ: ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಾದ್ಯಂತ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಗಿದ್ದು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಎಷ್ಟೋ ಭಾಗ, ತಾಮ್ರಕ್ಕಾಗಿ ತಂತಿ ಸುಟ್ಟು, ಚಿನ್ನಕ್ಕಾಗಿ ಆಮ್ಲ ಬಳಸಿ, ಆ ಹೊಗೆಯನ್ನೇ ಉಸಿರಾಡುವ ಬಡವರ ಕೈಸೇರುತ್ತದೆ.

ಪ್ರತಿಕ್ರಿಯೆ 2
ಮೇಲಿನವರ ಮಾತು ಸರಿಯಾದರೂ, ಇಂಥ ಸರ್ವರ್‌ಗಳನ್ನು ಒಟ್ಟಿಗೆ ಇಟ್ಟು ನಡೆಸುವ ಡೇಟಾ ಕೇಂದ್ರಗಳ ಹೊರೆಯೇ ನಗಣ್ಯವೆಂದು ಯಾರೂ ಭಾವಿಸಬಾರದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಅವು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ವಿದ್ಯುತ್ ಬಳಕೆಯ ಶೇ. 1.5ರಷ್ಟು, 2030ರ ಹೊತ್ತಿಗೆ ಇದು ಎರಡು ಪಟ್ಟಿಗಿಂತ ಹೆಚ್ಚಾಗಬಹುದೆಂಬ ನಿರೀಕ್ಷೆಯಿದೆ. ತಂಪುಗೊಳಿಸಲು ಬೇಕಾಗುವ ನೀರಿನ ಲೆಕ್ಕ ಬೇರೆ.

ಯಂತ್ರಗಳ ದಕ್ಷತೆ ಹೆಚ್ಚಿದಂತೆ ಖರ್ಚು ಇಳಿಯುತ್ತದೆ ಎನ್ನುವವರಿಗೆ, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಉತ್ತರ ಕೊಟ್ಟಿದ್ದಾರೆ: ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಕೆಲಸ ಮಾಡತೊಡಗಿದಾಗ ಕಲ್ಲಿದ್ದಲಿನ ಒಟ್ಟು ಬಳಕೆ ಏರಿತೇ ಹೊರತು ಇಳಿಯಲಿಲ್ಲ. ಹಾಗೆಯೇ, ಫಿಲ್ಮ್ ರೀಲಿಗೆ ಹಣ ತೆರಬೇಕಿದ್ದಾಗ ಎಣಿಸಿ ಎಣಿಸಿ ಚಿತ್ರ ತೆಗೆಯುತ್ತಿದ್ದ ನಾವು, ಈಗ ಒಂದೇ ದೃಶ್ಯವನ್ನು ಇಪ್ಪತ್ತು ಸಲ ತೆಗೆದು ಒಂದನ್ನೂ ಮತ್ತೆ ನೋಡುವುದಿಲ್ಲ.

ಪ್ರತಿಕ್ರಿಯೆ 3
ನಾನು ರಿಪೇರಿ ಕೆಲಸ ಮಾಡುವವನು. ಬ್ಯಾಟರಿ ಸೋತ ಮಾತ್ರಕ್ಕೆ, ಇಲ್ಲವೇ ತಂತ್ರಾಂಶದ ಅಪ್‌ಡೇಟ್ ನಿಂತಿತೆಂಬ ಕಾರಣಕ್ಕೆ ಎಸೆಯಲ್ಪಡುವ ಯಂತ್ರಗಳೇ ನನ್ನ ಬಳಿ ಹೆಚ್ಚು ಬರುತ್ತವೆ. ಅಂಟು ಹಾಕಿ ಕೂರಿಸಿದ ಬ್ಯಾಟರಿಯನ್ನು ಬಿಚ್ಚುವುದು ನಮಗೂ ಕಷ್ಟ. ಸಾಧನದ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕೆಂಬ ಐರೋಪ್ಯ ಒಕ್ಕೂಟದ ನಿಯಮವು, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರವರಿಯಿಂದ ಅನ್ವಯವಾಗಲಿದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್‌ಗಳು ಎಲ್ಲಿಗೆ ಹೋದವು ಎಂಬುದನ್ನು ವಿಚಾರಿಸಿದ್ದೀರಾ?

ಪ್ರಶ್ನೆ ಕೇಳಿದವರು
ಈ ದಿನ ವಿಚಾರಿಸಿದೆ. ನೆಲಮಾಳಿಗೆಯ ಕೋಣೆಯೊಂದರಲ್ಲಿ ಪೇರಿಸಿಟ್ಟಿದ್ದಾರಂತೆ. ಮುಂದೇನು ಮಾಡಬೇಕೆಂದು ಯಾರೂ ನಿರ್ಧರಿಸಿಲ್ಲ. ಬ್ಯಾಟರಿ ಬದಲಿಸಿ ಮತ್ತೆ ಬಳಕೆಗೆ ತರಬಹುದೆಂದು ಬರೆದುಕೊಟ್ಟಿದ್ದೇನೆ. ಇಮೇಲ್‌ಗಳನ್ನು ಮಾತ್ರ ಇನ್ನೂ ಅಳಿಸಿಲ್ಲ.