ಅಪ್‌ಡೇಟ್: ನಾಯಿಗೆ ಪಾರ್ಕಿನ ಸಹವಾಸ ಬೇಕೇ ಎಂದು ಕೇಳಿದ್ದೆ

ನಾಲ್ಕು ವರ್ಷದ ನಮ್ಮ ನಾಟಿ ನಾಯಿ ಚಿನ್ನಿಯನ್ನು ಬೇರೆ ನಾಯಿಗಳೊಡನೆ ಬೆರೆಯಲೆಂದು ಪ್ರತಿ ಭಾನುವಾರ ಕಬ್ಬನ್ ಪಾರ್ಕಿಗೆ ಕರೆದೊಯ್ಯಲೇಬೇಕೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ, ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ಅಲ್ಲಿ ಅವಳು ಬಾಲವನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು, ತುಟಿ ನೆಕ್ಕುತ್ತ, ನನ್ನ ಕಾಲುಗಳ ನಡುವೆ ನುಸುಳುತ್ತಿದ್ದುದನ್ನು ನಾನು ಬರೀ ಸಂಕೋಚವೆಂದು ತಿಳಿದಿದ್ದೆ. ನಿಮ್ಮ ಸಲಹೆಯಂತೆ ಪಶುವೈದ್ಯರನ್ನು ಕಂಡಾಗ, ಅದು ಭಯವೆಂದೂ, ಮರಿಗಳು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವ ಅವಧಿ ಸುಮಾರು 3ರಿಂದ 14 ವಾರಗಳದ್ದಾದ್ದರಿಂದ, ಬೆಳೆದ ನಾಯಿಯನ್ನು ಏಕಾಏಕಿ ಗುಂಪಿನೊಳಗೆ ಬಿಟ್ಟರೆ ಭಯ ಇನ್ನಷ್ಟು ಬೇರೂರಬಹುದೆಂದೂ ವಿವರಿಸಿದರು. (ಮರಿ ಸಾಕುವವರು ಗಮನಿಸಿ: ಮರಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಲಸಿಕೆಗಳು ಮುಗಿಯುವವರೆಗೆ ಪಾರ್ಕು ಬೇಡ.)

ಪಾರ್ಕನ್ನು ಬಿಟ್ಟಿದ್ದೇವೆ. ಬದಲಿಗೆ ಬೆಳಗ್ಗೆ ಆರಕ್ಕೆ ಪಕ್ಕದ ಬೀದಿಯ ಶಾಂತ ಸ್ವಭಾವದ ಲ್ಯಾಬ್ರಡಾರ್ ಒಂದರೊಡನೆ, ಮೊದಮೊದಲು ರಸ್ತೆಯ ಎರಡು ಬದಿಗಳಲ್ಲಿ, ಕ್ರಮೇಣ ಹತ್ತಿರವಾಗುತ್ತ, ಅವಳನ್ನು ನಡೆಸುತ್ತಿದ್ದೇನೆ. ಮೂರನೆಯ ವಾರ ಚಿನ್ನಿ ತಾನಾಗಿಯೇ ಅದರ ಹಿಂಬದಿಯನ್ನು ಮೂಸಿ, ಒಮ್ಮೆ ಮೈ ಕೊಡವಿಕೊಂಡು, ಏನೂ ಆಗದವಳಂತೆ ಹುಲ್ಲಿನತ್ತ ತಿರುಗಿದಳು. ಎರಡೂ ಆಟವಾಡುವುದಿಲ್ಲ, ಆಡಲೇಬೇಕೆಂಬ ಹಟ ನನಗೂ ಈಗಿಲ್ಲ. ಬೀದಿನಾಯಿಗಳನ್ನು ಕಂಡರೆ ಮಾತ್ರ ಇನ್ನೂ ಬೊಗಳುತ್ತಾಳೆ, ಆಗ ಅವಳಿಗೆ ಕೊಡಲೆಂದು ಬೇಯಿಸಿದ ಕೋಳಿಯ ಚೂರುಗಳು ಸದಾ ನನ್ನ ಜೇಬಿನಲ್ಲಿರುತ್ತವೆ.