ಸಹಾಯ ಬೇಕು: ಅಮ್ಮನ ಜೊತೆ ಬೆಟ್ಟದ ಸರೋವರಕ್ಕೆ ಒಂದು ದಿನದ ಚಾರಣ

ಎಲ್ಲರಿಗೂ ನಮಸ್ಕಾರ. ಕಾಡಿನ ದಾರಿಯಲ್ಲಿ ಹತ್ತಿ, ಹಿಮ ಕರಗಿ ತುಂಬುವ ಸರೋವರವೊಂದನ್ನು ಅಮ್ಮನಿಗೆ ತೋರಿಸಿ, ಅದೇ ದಿನ ವಾಪಸ್ ಬರಬೇಕು ಅಂತ ಆಸೆ. ಹೋಗಿ ಬರಲು 12 ಕಿ.ಮೀ., ಏರು 600 ಮೀಟರ್.

ಅಮ್ಮನಿಗೆ 58 ವರ್ಷ. ದಿನಾ ಒಂದು ಗಂಟೆ ನಡೆಯುತ್ತಾರೆ, ಹತ್ತುವುದು ಕಷ್ಟವಿಲ್ಲ. ಇಳಿಯುವಾಗಲೇ ಮಂಡಿ ನೋವು. ಹೋದ ಸಲ ಒದ್ದೆ ಬೇರುಗಳ ಮೇಲೆ ಕಾಲಿಡುವಾಗ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರು ಅಂದರೆ, ಬೆರಳಿನ ಗುರುತು ಸಂಜೆವರೆಗೂ ಇತ್ತು. ಪಾಪ, ನೋವಾದರೂ ಬಾಯಿಬಿಟ್ಟು ಹೇಳುವವರಲ್ಲ.

ಗಂಟೆಗೆ 5 ಕಿ.ಮೀ., 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅಂತ ಚಾರಣದ ಸಮಯ ಅಂದಾಜು ಮಾಡುವ ನೇಸ್ಮಿತ್ ಲೆಕ್ಕದಲ್ಲಿ ಸುಮಾರು ಮೂರೂವರೆ ಗಂಟೆ ಆಗುತ್ತದೆ. ಆದರೆ ಅದು ಎಲ್ಲೂ ಕೂರದೆ ನಡೆಯುವವರಿಗೆ ಅಲ್ವಾ? ನಾನು ಒಟ್ಟು ಏಳು ಗಂಟೆ ಇಟ್ಟುಕೊಂಡಿದ್ದೇನೆ. ಎತ್ತರದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ ಜಾಸ್ತಿ, ಹಾಗಾಗಿ ಬೆಳಗ್ಗೆ 6ಕ್ಕೇ ಹೊರಡುತ್ತೇವೆ.

ಮಂಡಿ ನೋವಿರುವವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ. ಇಳಿಯುವಾಗ ಟ್ರೆಕ್ಕಿಂಗ್ ಕೋಲು ಒಂದು ಸಾಕಾ, ಎರಡು ಬೇಕಾ? ಉದ್ದ ಎಷ್ಟಿಟ್ಟರೆ ಭಾರ ಕೈಗೆ ಬೀಳುತ್ತದೆ? ಮಂಡಿಗೆ ಹಾಕುವ ನೀ ಕ್ಯಾಪ್ ನಿಜಕ್ಕೂ ಉಪಯೋಗವಾಯಿತಾ? ಎಷ್ಟು ಹೊತ್ತಿಗೆ ಸರೋವರ ಸಿಗದಿದ್ದರೆ ವಾಪಸ್ ತಿರುಗುವುದು ಒಳ್ಳೆಯದು?